ಎಡಗಡೆಯ ಎರಡು ಗೂಡು

ಜೂನ್ 3, ಸೋಮವಾರ

ಈ ಡೈರಿ ಟೈರ್ ಕಂಪನಿಯ ಏಜೆಂಟ್ ಜನವರಿಯಲ್ಲಿ ಕೊಟ್ಟದ್ದು. ಐದು ತಿಂಗಳು ಟಿವಿಯ ಹಿಂದೆ ಬಿದ್ದಿತ್ತು. ಇವತ್ತು ಧೂಳು ಕೊಡವಿ ತೆಗೆದೆ. ಮನಸ್ಸಿನಲ್ಲಿರುವುದನ್ನು ಎಲ್ಲಾದರೂ ಇಳಿಸಬೇಕಲ್ಲ. ಗುರುಬಾಯಿಗೆ ಹೇಳೋಣವೆಂದರೆ ನನ್ನ ಹೆಂಡತಿಯಾಗಿ ಅವಳು ಒಂದು ದಿನವೂ ನನ್ನ ಪಕ್ಷ ವಹಿಸಿದವಳಲ್ಲ.

ನಮ್ಮ ಸೇಠ್ ಧನರಾಜ್ ಶೆಟ್ಟರು ಅಂಧೇರಿಯಲ್ಲಿ ಎರಡನೆಯ ಅಂಗಡಿ ತೆಗೆಯುತ್ತಿದ್ದಾರೆ. ಮಲಾಡಿನ ಈ ಅಂಗಡಿಯಲ್ಲಿ ಕಾರು ತೊಳೆಯುವುದು, ಉಜ್ಜುವುದು, ಹೊಳಪು ಕೊಡುವುದು ಎಲ್ಲ ಹದಿನೇಳು ವರ್ಷದಿಂದ ನನ್ನ ಕೈಯಲ್ಲಿ ನಡೆದಿದೆ. ಅಂಧೇರಿಗೆ ಒಬ್ಬ ಉಸ್ತಾದ್ ಬೇಕು. ಅಂಗಡಿಯ ಮೇಲೆ ಒಂದು ಖೋಲಿ ಇದೆ, ಅದು ಆ ಉಸ್ತಾದನ ಸಂಸಾರಕ್ಕೆ. ಒಳಗೇ ನಳ, ಒಳಗೇ ಸಂಡಾಸು, ರಸ್ತೆಯ ಕಡೆಗೊಂದು ಕಿಟಕಿ. ಹೋದ ವಾರ ನಾನೇ ಹೋಗಿ ನೋಡಿ ಬಂದೆ. ಮಾಲ್ವಣಿಯ ಚಾಳಿನಲ್ಲಿ ಬೆಳಿಗ್ಗೆ ಐದಕ್ಕೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲುವವನಿಗೆ ಅದು ಅರಮನೆ. ಮಗಳು ಶ್ರಾವ್ಯಾ ಈ ವರ್ಷ ಹತ್ತನೆಯ ಇಯತ್ತೆ. ಒಂದು ಕಡೆ ಪಕ್ಕದ ಮನೆಯ ಟಿವಿ, ಇನ್ನೊಂದು ಕಡೆ ನಮ್ಮ ಕುಕ್ಕರ್, ನಡುವೆ ಅವಳ ಓದು.

ಖೋಲಿ ನನ್ನದೇ ಎಂದುಕೊಂಡಿದ್ದೆ. ಇವತ್ತು ಚಹಾ ಕುಡಿಯುತ್ತ ಸೇಠ್ ಹೇಳಿದರು, "ನೀನು ಉಂಟು, ಭುವನೇಶ್ವರಿಯೂ ಉಂಟು. ನೋಡುವ ಮಾರಾಯ."

ಭುವನೇಶ್ವರಿ ಬಂದು ಎಂಟು ತಿಂಗಳಾಯಿತು, ಅಷ್ಟೆ. ಬೀದರ ಕಡೆಯ ಹೆಂಗಸು. ಗಂಡ ಗೋರೆಗಾಂವಿನ ಬಿಲ್ಡಿಂಗುಗಳಲ್ಲಿ ಕಾರು ತೊಳೆಯುತ್ತಿದ್ದ, ತೀರಿಕೊಂಡ. ಅವನ ಬಕೀಟು, ಬಟ್ಟೆ ಇವಳು ಹಿಡಿದಳು. ಅಲ್ಲಿ ಇವಳ ಕೆಲಸ ಕಂಡ ಸೇಠ್ ಇಲ್ಲಿಗೆ ಕರೆತಂದರು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದು ನಾನೂ ಸುಮ್ಮನಿದ್ದೆ. ಈಗ ನೋಡಿದರೆ ಬಾವಿಯೇ ತನ್ನದು ಅನ್ನುವ ಹಾಗಿದೆ.

ಜೂನ್ 6, ಗುರುವಾರ

ನನ್ನ ರಜೆಯ ದಿನ. ಆದರೂ ಅಂಗಡಿಗೆ ಹೋದೆ. ನಾನಿಲ್ಲದಾಗ ಏನು ನಡೆಯುತ್ತದೆ ಎಂದು ನೋಡಬೇಕಿತ್ತು.

ಹೋದದ್ದು ಒಳ್ಳೆಯದಾಯಿತು. ಅಂಧೇರಿಯ ಹೊಸ ಅಂಗಡಿಗೆ ಸಿಕ್ಕಿರುವ ಗಿರಾಕಿಯೊಬ್ಬ ಬಂದಿದ್ದ. ಶೂಟಿಂಗಿಗೆ ಕಾರು ಬಾಡಿಗೆ ಕೊಡುವವನು, ಹದಿನಾಲ್ಕು ಕಾರು ಇವೆಯಂತೆ. ಅವನ ತಕರಾರು ಒಂದೇ: ಕ್ಯಾಮೆರಾವನ್ನು ನೆಲದ ಹತ್ತಿರ ಇಟ್ಟು ಶೂಟ್ ಮಾಡುತ್ತಾರೆ, ಆಗ ಚಕ್ರದ ಗೂಡು ಕಾಣುತ್ತದೆ. ಚಕ್ರದ ಮೇಲಿನ ಕಮಾನಿನ ಒಳಗೆ ಕರಿ ಪ್ಲಾಸ್ಟಿಕ್ ಇರುತ್ತದಲ್ಲ, ಅದನ್ನೇ ನಾವು ಗೂಡು ಅನ್ನುತ್ತೇವೆ. ಕೆಸರು ಹತ್ತಿ, ಬಿಸಿಲಿಗೆ ಬೆಳ್ಳಗಾಗಿ, ಒಳ್ಳೆಯ ಕಾರೂ ಹಳೇ ಟ್ಯಾಕ್ಸಿಯ ಹಾಗೆ ಕಾಣುತ್ತದೆ. ವಾರವಾರವೂ ಬಂದು ಪಾಲಿಶ್ ಮಾಡಿಸಲು ಅವನಿಗೆ ಪುರುಸೊತ್ತಿಲ್ಲ. ಒಂದು ಸಲ ಹಚ್ಚಿದರೆ ಮಳೆಗಾಲ ಪೂರ್ತಿ ಕಪ್ಪಾಗಿರಬೇಕು.

ನಾನು ಹೇಳಿದೆ, "ನಮ್ಮ ಕಾಲಾ ತೇಲ್ ಅದ ಅಲ್ರಿ ಸೇಠ್." ನನ್ನ ಉಸ್ತಾದ್ ಪರಪ್ಪ ಕಲಿಸಿದ ಮಿಶ್ರಣ ಅದು. ಸಿಲಿಕಾನ್ ಎಣ್ಣೆ, ಡೀಸೆಲ್, ಇನ್ನೊಂದು ಅವರು ನನಗಲ್ಲದೆ ಯಾರಿಗೂ ಹೇಳದ ಸಾಮಾನು. ಹೊಡೆದರೆ ಹೊಸ ಹೆಂಚಿನ ಹಾಗೆ ಮಿಂಚುತ್ತದೆ.

ಭುವನೇಶ್ವರಿ ಮೆಲ್ಲಗೆ ಬಾಯಿ ಬಿಟ್ಟಳು. "ಅಣ್ಣಾರ, ಎಣ್ಣಿಗೆ ಧೂಳ ಹಿಡೀತದರಿ. ಒಂದೆರಡು ಬ್ಯಾರೆ ನಮೂನಿ ನೋಡೂಣೇನ್ರಿ?"

ನನ್ನ ಎದುರಿಗೆ, ಗಿರಾಕಿಯ ಎದುರಿಗೆ ಅಂದಳು. ಅದೂ "ಅಣ್ಣಾರ" ಎನ್ನುತ್ತ.

ಜೂನ್ 8

ಆಕೆ ಗುಜರಿಯಿಂದ ಒಂದು ಹಳೆಯ ಗೂಡಿನ ಪ್ಲಾಸ್ಟಿಕ್ ತಂದಿದ್ದಾಳೆ. ಟೇಪು ಅಂಟಿಸಿ ಅದರ ಮೇಲೆ ಐದು ಚೌಕ ಮಾಡಿ, ಒಂದೊಂದಕ್ಕೂ ಒಂದೊಂದು ಬಾಟಲಿಯದು ಹಚ್ಚಿ ಅಂಗಡಿಯ ತಗಡಿನ ಛಾವಣಿಯ ಮೇಲೆ ಬಿಸಿಲಿಗೆ ಇಟ್ಟಿದ್ದಾಳೆ. ಒಂದು ಚೌಕದಲ್ಲಿ ನನ್ನ ಕಾಲಾ ತೇಲೂ ಇದೆ. ಯಾರನ್ನು ಕೇಳಿ ತೆಗೆದುಕೊಂಡಳೋ. ದಿನಕ್ಕೆರಡು ಸಲ ಮೇಲೆ ನೀರು ಹೊಡೆಯುತ್ತಾಳೆ, ಬೆರಳಿನಿಂದ ಒರೆಸಿ ನೋಡುತ್ತಾಳೆ, ಫೋನಿನಲ್ಲಿ ಬರೆದುಕೊಳ್ಳುತ್ತಾಳೆ. ಬಾಟಲಿಯ ಮೇಲಿನ ಇಂಗ್ಲಿಷ್ ಓದುತ್ತಾಳೆ. ನನಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲ, ಬಂದಿದ್ದರೂ ಓದುತ್ತಿರಲಿಲ್ಲ. ಕೆಲಸ ಕೈಯಲ್ಲಿರಬೇಕು, ಬಾಟಲಿಯ ಮೇಲಲ್ಲ.

ಆಕೆ ಊಟಕ್ಕೆ ಹೋದಾಗ ಏಣಿ ಹತ್ತಿ ನೋಡಿದೆ. ನನ್ನ ಚೌಕವೇ ಎಲ್ಲಕ್ಕಿಂತ ಹೊಳೆಯುತ್ತಿತ್ತು.

ಜೂನ್ 10, ಸೋಮವಾರ

ಸೇಠ್ ಪಂದ್ಯ ಕಟ್ಟಿದರು. ಅವರದೇ ಬಿಳಿ ಕಾರು. ಎಡಗಡೆಯ ಎರಡು ಗೂಡು ನನಗೆ, ಬಲಗಡೆಯ ಎರಡು ಆಕೆಗೆ. "ಒಂದೇ ಸಲ ಹಚ್ಚುವುದು. ಆಮೇಲೆ ನೀರು ಹೊಡೆದು ತೊಳೆಯಬಹುದು, ಬೇರೆ ಕೈ ಹಾಕುವಂತಿಲ್ಲ. ಆಗಸ್ಟ್ ಒಂದಕ್ಕೆ ಗಾಡಿ ಮೇಲೆತ್ತಿ ನೋಡುವ. ಯಾರದ್ದು ಕಪ್ಪುಂಟೋ ಅವರಿಗೆ ಅಂಧೇರಿ." ಸೇಠರಿಗೆ ಮಂಡಿ ನೋವು, ನಡುವೆ ಬಗ್ಗಿ ನೋಡುವ ಪ್ರಶ್ನೆಯೇ ಇಲ್ಲ.

ನಾನು ನೀರು ಹೊಡೆದೆ, ಒರೆಸಿದೆ, ಕಾಲಾ ತೇಲ್ ಸಿಂಪಡಿಸಿದೆ. ಎರಡು ಗೂಡಿಗೆ ಇಪ್ಪತ್ತು ನಿಮಿಷ.

ಆಕೆ ಚಕ್ರ ಬಿಚ್ಚಿದಳು. ಗ್ರೀಸು ತೆಗೆಯುವ ಸೋಪು ಹಾಕಿ ಬ್ರಶ್ಶಿನಿಂದ ಎರಡು ಸಲ ತಿಕ್ಕಿದಳು. ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆಗೆ ಕಪ್ಪು ಹತ್ತದವರೆಗೆ ಬಿಡಲಿಲ್ಲ. ಬ್ಲೋವರ್ ಹಿಡಿದು ಸಂದಿಸಂದಿಯಲ್ಲಿ ಒಣಗಿಸಿದಳು. ಆಮೇಲೆ ಹಾಲಿನಂಥ ಒಂದು ನೀರನ್ನು ಸ್ಪಂಜಿನಿಂದ ತೆಳ್ಳಗೆ ಸವರಿದಳು. ಮೂರು ತಾಸು ಕಾದು ಇನ್ನೊಂದು ಕೈ. ಸಂಜೆಯಾಯಿತು. ಸೇಠ್ ರಿಕ್ಷಾದಲ್ಲಿ ಮನೆಗೆ ಹೋದರು.

ಎರಡನ್ನೂ ನೋಡಿದೆ. ನನ್ನದರಲ್ಲಿ ಮುಖ ಕಾಣುತ್ತದೆ. ಆಕೆಯದು ತಿಕ್ಕಿ ಬೋರಲು ಹಾಕಿದ ತವೆಯ ಹಾಗೆ ಮಂಕಾಗಿದೆ. ಇದಕ್ಕೆ ಇಡೀ ದಿನವೇ? ಇವತ್ತು ಎರಡು ಚಪಾತಿ ಹೆಚ್ಚು ತಿಂದೆ.

ಜೂನ್ 19, ಬುಧವಾರ

ಮಳೆ ಶುರುವಾಗಿದೆ. ಕಾರಿನ ಎಡ ಬಾಗಿಲಿನ ಮೇಲೆ ಕಂದು ಚುಕ್ಕೆಗಳು, ಒಗ್ಗರಣೆ ಸಿಡಿದ ಹಾಗೆ. ಚಕ್ರ ತಿರುಗುವಾಗ ಎಣ್ಣೆ ಸಿಡಿದಿದೆ. ಸೇಠ್ ಬರುವ ಮೊದಲೇ ಒರೆಸಿದೆ. ಆಕೆ ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ಎರಡು ಮಾತು ಅನ್ನಬಹುದಿತ್ತು.

ಜೂನ್ 24

ನನ್ನ ಗೂಡಿಗೆ ಧೂಳು ಮೆತ್ತಿದೆ. ಎಣ್ಣೆ ಕುಡಿದ ಧೂಳು, ನೀರು ಹೊಡೆದರೆ ಹೋಗುವುದಿಲ್ಲ. ಎಡ ಹಿಂದಿನದು ಬೂದಿ ಬಣ್ಣಕ್ಕೆ ತಿರುಗಿದೆ.

ಆಕೆಯದನ್ನೂ ನೋಡಿದೆ. ಬ್ಯಾಟರಿ ಬಿಟ್ಟು ನೋಡಿದೆ. ಬೆರಳಾಡಿಸಿದೆ. ಒಣಗಿದೆ, ನುಣ್ಣಗಿದೆ, ಕೆಸರು ಕೂತಲ್ಲಿಂದ ನೀರಿಗೆ ಜಾರಿ ಹೋಗುತ್ತದೆ. ಹದಿನಾಲ್ಕು ದಿನವಾದರೂ ಮೊದಲನೆಯ ದಿನದ ಕಪ್ಪೇ. ಈ ಕೈಗೆ ಹದಿನೇಳು ವರ್ಷ, ಆ ಕೈಗೆ ಎಂಟು ತಿಂಗಳು.

ಮನೆಯಲ್ಲಿ ಗುರುಬಾಯಿ ಹೇಳಿದಳು, ಸಂತೆಯಲ್ಲಿ ಭುವನೇಶ್ವರಿ ಸಿಕ್ಕಿದ್ದಳಂತೆ. "ಭಾಳ ಚೊಲೋ ಮಂದಿ ಅದಾಳ್ರಿ. ಅತ್ತೀನ ಕಟಗೊಂಡು ಮೈದುನನ ಮನ್ಯಾಗ ಒಂದು ಪಡದಿ ಹಾಕ್ಕೊಂಡು ಇರ್ತಾಳಂತ. ನನಗ ಶೇಂಗಾ ಚಟ್ನಿ ಕೊಟ್ಟಾಳ."

ನಾನು ಚಟ್ನಿ ಮುಟ್ಟಲಿಲ್ಲ. ಶ್ರಾವ್ಯಾ ಮುಕ್ಕಾಲು ಡಬ್ಬಿ ಖಾಲಿ ಮಾಡಿದಳು. "ಪಪ್ಪಾ, ಟೇಸ್ಟ್ ತೋ ಕರೋ" ಅಂದಳು. ಮನೆಯೊಳಗೂ ಬಂದು ಕೂತಳು ಆಕೆ.

ಜುಲೈ 2, ಮಂಗಳವಾರ

ಮಂಗಳವಾರ ಆಕೆಗೆ ರಜೆ. ಸೇಠ್ ಮಂಗಳವಾರ ಮಾಟುಂಗಕ್ಕೆ ಅಣ್ಣನ ಹೋಟೆಲಿಗೆ ಹೋಗುತ್ತಾರೆ. ಅಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ಲೋಕಲ್ ರೈಲು ಹಿಡಿಯುತ್ತಾರೆ. ಕಾರು ದಿನವಿಡೀ ಅಂಗಡಿಯ ಹಿಂದೆ ನಿಂತಿರುತ್ತದೆ.

ಆಕೆಯ ಹಾಲಿನಂಥ ಪಾಲಿಶ್ ಕಪಾಟಿನಲ್ಲಿದೆ. ಕಪಾಟಿಗೆ ಬೀಗವಿಲ್ಲ. ನೀರಿನ ಬಾಟಲಿಗೆ ಅರ್ಧ ಬಗ್ಗಿಸಿಕೊಂಡೆ. ಎಡಗಡೆಯ ಗೂಡುಗಳಿಗೆ ಸ್ಪಂಜಿನಿಂದ ಸವರಿದೆ.

ನಿಲ್ಲಲಿಲ್ಲ. ಎಣ್ಣೆಯ ಮೇಲೆ ನೀರು ಬಿದ್ದ ಹಾಗೆ ಗುಳ್ಳೆಗುಳ್ಳೆಯಾಗಿ ಜಾರಿ ಕೆಳಗೆ ಇಳಿಯಿತು. ನಿಂತಲ್ಲಿ ಬಿಳಿ ಕಲೆ. ಮೊದಲಿಗಿಂತ ಕೆಟ್ಟದಾಯಿತು.

ಬಾಟಲಿಗೆ ಏನೋ ಬೆರೆಸಿಟ್ಟಿದ್ದಾಳೆ ಎಂದು ಒಂದು ತಾಸು ಆಕೆಯನ್ನು ಬೈದುಕೊಂಡೆ. ಆಮೇಲೆ ಹೊಳೆಯಿತು. ಆಕೆ ಅವತ್ತು ಅಷ್ಟು ತಿಕ್ಕಿದ್ದು ಸುಮ್ಮನೆ ಅಲ್ಲ. ಅಡಿಯಲ್ಲಿ ಎಣ್ಣೆಯ ಸುಳಿವಿದ್ದರೂ ಇದು ಅಂಟುವುದಿಲ್ಲ. ಗೂಡಿನಲ್ಲಿ ನನ್ನ ಕಾಲಾ ತೇಲಿನ ಪದರವಿದೆ. ನಾನೇ ಹೊಡೆದದ್ದು.

ಜುಲೈ 5

ಮಣ್ಣೆತ್ತಿನ ಅಮಾವಾಸ್ಯೆ. ಮಡಕೆ ಮಾಡುವವರಿಂದ ಮಣ್ಣು ತಂದು ಗುರುಬಾಯಿ ಎರಡು ಎತ್ತು ಮಾಡಿ ಕೂರಿಸಿದ್ದಾಳೆ. ನಾನು ಕೈ ಮುಗಿದು ಬೇಡಿಕೊಂಡದ್ದು ಬರೆಯುವಂಥದ್ದಲ್ಲ. ಆದರೂ ಬರೆಯುತ್ತೇನೆ, ಯಾರು ಓದುತ್ತಾರೆ. ಬಲಗಡೆಯ ಗೂಡು ಸುಲಿದು ಹೋಗಲಿ ಎಂದು ಬೇಡಿಕೊಂಡೆ.

ಜುಲೈ 9, ಮಂಗಳವಾರ

ಚಕ್ರ ಬಿಚ್ಚಿದೆ. ಗ್ರೀಸು ತೆಗೆಯುವ ಸೋಪು, ಬ್ರಶ್ಶು. ಎರಡು ಸಲ ತಿಕ್ಕಿದರೂ ಬಿಳಿ ಬಟ್ಟೆಗೆ ಕಪ್ಪು ಹತ್ತುತ್ತಿತ್ತು. ನಾಲ್ಕು ಸಲ ತಿಕ್ಕಿದೆ. ಬೋಲ್ಟಿನ ಸುತ್ತ ಹಳೇ ಹಲ್ಲುಜ್ಜುವ ಬ್ರಶ್ಶು ಬೇಕಾಗುತ್ತದೆ, ಆಕೆ ಅದನ್ನು ತೆಗೆದುಕೊಂಡಿದ್ದು ಅವತ್ತು ನಾನು ನೋಡಿದ್ದೆ. ಮೊಣಕೈ ಬಿದ್ದುಹೋಯಿತು. ಮಳೆಯ ದಿನ, ಒಣಗುವುದೇ ಕಷ್ಟ. ಇವತ್ತು ತೊಳೆಯುವುದಷ್ಟೇ ಆಯಿತು.

ಒಂದು ವಿಷಯ ಬರೆದಿಡಬೇಕು. ಸೋಪು ಹೋದ ಮೇಲೆ ಪ್ಲಾಸ್ಟಿಕ್ ತನ್ನ ನಿಜವಾದ ಬಣ್ಣಕ್ಕೆ ಬರುತ್ತದೆ, ಬೂದಿಗಪ್ಪು. ಹದಿನೇಳು ವರ್ಷದಲ್ಲಿ ಅದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಜುಲೈ 16, ಮಂಗಳವಾರ

ಹಚ್ಚಿದೆ. ವಾರದ ಕೆಸರು ತೊಳೆದು, ಬ್ಲೋವರಿನಿಂದ ಒಣಗಿಸಿ, ತೆಳ್ಳಗೆ, ಒಂದೇ ದಿಕ್ಕಿಗೆ. ಹೆಚ್ಚು ಹಚ್ಚಿದರೆ ಸೋರುತ್ತದೆ, ಒಣಗುವುದಿಲ್ಲ. ಈ ಪಾಲಿಶಿನ ಗುಣ ಏನೆಂದರೆ ಅದಕ್ಕೆ ಹೊಳೆಯುವ ಆಸೆ ಇಲ್ಲ, ನಿಲ್ಲುವ ಆಸೆ. ಎಡ ಮುಂದಿನದು ಚೊಕ್ಕವಾಗಿ ಬಂತು. ಹಿಂದಿನದಕ್ಕೆ ಎರಡನೆಯ ಕೈ ಹಾಕಲು ಇನ್ನೂ ಒಂದು ತಾಸು ಕಾಯಬೇಕಿತ್ತು, ಅಷ್ಟರಲ್ಲಿ ಸೇಠರ ಫೋನು: ಸ್ಟೇಷನ್ನಿಗೆ ಬಂದೆ, ರಿಕ್ಷಾ ಸಿಕ್ಕಿತು ಎಂದು. ಗಡಬಡಿಸಿ ಹಾಕಿ ಚಕ್ರ ಬಿಗಿದೆ.

ಕೈ ತೊಳೆಯುವಾಗ ನನಗೇ ನಗು ಬಂತು. ಕಳ್ಳತನವನ್ನೂ ಆಕೆಯ ಹಾಗೆ ಅಚ್ಚುಕಟ್ಟಾಗಿ ಮಾಡಬೇಕೆಂದು ಇಡೀ ದಿನ ಒದ್ದಾಡಿದ್ದೇನೆ. ಆಮೇಲೆ ಸಿಟ್ಟು ಬಂತು. ನನ್ನ ಕೈಗೆ ಇದು ಮೊದಲೇ ಯಾಕೆ ಹೊಳೆಯಲಿಲ್ಲ?

ಜುಲೈ 27

ಆಕೆ ಇವತ್ತು ಗಿರಾಕಿಯೊಬ್ಬಳ ಕಾರಿನ ಗೂಡಿಗೆ ಕೈ ಹಾಕುವ ಮೊದಲು ಒಳಗೆ ಮುಟ್ಟಿ ನೋಡಿ, ಹಿಂದೆ ಸರಿದಳು. "ಇದು ಪ್ಲಾಸ್ಟಿಕ್ ಅಲ್ರೀ ಅಣ್ಣಾರ, ಕಂಬಳಿ ಇದ್ದಂಗ ಅದ. ಇದಕ್ಕ ಏನೂ ಹಚ್ಚಬಾರದು" ಅಂದಳು. ದೊಡ್ಡ ಕಾರುಗಳಿಗೆ ಕೆಲವಕ್ಕೆ ಹಾಗಿರುತ್ತದೆ, ಸದ್ದು ಕೇಳದಿರಲೆಂದು. ನನಗೂ ಗೊತ್ತಿತ್ತು. ಆದರೆ ನಾನು ಮುಟ್ಟಿ ನೋಡುವವನಲ್ಲ. ಪೈಪು ಹಿಡಿದು ಹೊಡೆಯುವವನು.

ಗಿರಾಕಿ ಆಕೆಯ ಫೋನ್ ನಂಬರ್ ಕೇಳಿ ಬರೆದುಕೊಂಡಳು. ನನ್ನದನ್ನು ಯಾರೂ ಕೇಳುವುದಿಲ್ಲ.

ಆಗಸ್ಟ್ 1, ಗುರುವಾರ

ಗೆದ್ದೆ.

ಕಾರನ್ನು ಮೇಲೆತ್ತಿದರು. ಸೇಠ್ ಕನ್ನಡಕ ಹಾಕಿಕೊಂಡು ಕೆಳಗೆ ನಿಂತು ನಾಲ್ಕೂ ಗೂಡು ನೋಡಿದರು. ಬಟ್ಟೆಯಿಂದ ಒರೆಸಿ ನೋಡಿದರು. ನನ್ನ ಶರ್ಟು ಬೆನ್ನಿಗೆ ಅಂಟಿತ್ತು.

"ಎಂತ ಮಾರಾಯ, ಎರಡೂ ಒಂದೇ ಉಂಟಲ್ಲ. ನಿನ್ನ ಎಣ್ಣೆಯೂ ನಿಂತಿದೆ" ಅಂದರು. "ಹಾಗಾದರೆ ಈ ದುಬಾರಿ ಬಾಟಲಿ ಯಾಕೆ? ಅಣವೀರಪ್ಪ, ಅಂಧೇರಿ ನೀನು ನೋಡಿಕೋ. ಹಳಬ ನೀನು."

ನಾನು ಆಕೆಯ ಕಡೆ ನೋಡಿದೆ. ಆಕೆ ಎಡ ಹಿಂದಿನ ಗೂಡನ್ನೇ ನೋಡುತ್ತಿದ್ದಳು. ಬಹಳ ಹೊತ್ತು. ಆಮೇಲೆ "ಚೊಲೋ ಆತ್ರಿ ಅಣ್ಣಾರ" ಅಂದಳು.

ಗುರುಬಾಯಿ ಚಾಳಿಗೆಲ್ಲ ಪೇಢೆ ಹಂಚಿದಳು. ಶ್ರಾವ್ಯಾ "ಮೇರಾ ಟೇಬಲ್ ಖಿಡಕಿ ಕೇ ಪಾಸ್" ಎಂದು ಹತ್ತು ಸಲ ಹೇಳಿದಳು, ಟೇಬಲ್ಲಿಗೆ ಕಿಟಕಿಯ ಹತ್ತಿರದ ಜಾಗವೇ ಬೇಕಂತೆ. ಗಾಳಿಯಲ್ಲಿ ತೇಲಬೇಕಾದವನು ನಾನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಮೂಲೆಯಲ್ಲಿ ಕೂತಿದ್ದೆ.

ಆಗಸ್ಟ್ 3

ಆಕೆಗೆ ಗೊತ್ತೋ ಇಲ್ಲವೋ. ಗೊತ್ತಿದ್ದರೆ ಯಾಕೆ ಹೇಳಲಿಲ್ಲ?

ಆಗಸ್ಟ್ 5

ಗೊತ್ತಿಲ್ಲ. ಗೊತ್ತಿದ್ದು ಸುಮ್ಮನಿರುವ ಮನುಷ್ಯರು ಎಲ್ಲಿದ್ದಾರೆ.

ಆಗಸ್ಟ್ 9, ಶುಕ್ರವಾರ

ಪಂಚಮಿ. ಗುರುಬಾಯಿ ನನ್ನನ್ನು ಕೇಳದೆ ಭುವನೇಶ್ವರಿಯನ್ನೂ ಅವಳ ಅತ್ತೆಯನ್ನೂ ಉಂಡಿ ತಿನ್ನಲು ಕರೆದಿದ್ದಳು. ಊರಲ್ಲಿ ತವರಿಗೆ ಹೋಗುವ ಹಬ್ಬ, ಇಲ್ಲಿ ಯಾರಿಗೆ ಯಾರು ತವರು ಎಂದು ಹೀಗೆ ಕರೆದುಕೊಳ್ಳುತ್ತಾರೆ. ಬಾಗಿಲ ಚೌಕಟ್ಟಿಗೆ ಹಗ್ಗ ಕಟ್ಟಿ ಶ್ರಾವ್ಯಾಳಿಗೆ ಜೋಕಾಲಿ ಮಾಡಿದ್ದರು. ಕಾಲು ಎದುರಿನ ಮನೆಯ ಗೋಡೆಗೆ ತಾಗುತ್ತಿತ್ತು.

ಎಲ್ಲರೂ ಜೋಕಾಲಿಯ ಹತ್ತಿರ ಇದ್ದಾಗ ಭುವನೇಶ್ವರಿ ನನಗೆ ಉಂಡಿಯ ತಟ್ಟೆ ತಂದುಕೊಟ್ಟಳು. ಮೆತ್ತಗೆ ಅಂದಳು, "ಅಣ್ಣಾರ, ಎಡಗಡಿ ಹಿಂದಿನ ಗೂಡಿನ್ಯಾಗ ಎರಡನೇ ಕೈ ಜಲ್ದಿ ಹಾಕೀರಿ. ಮ್ಯಾಲಿನ ಮೂಲ್ಯಾಗ ಸ್ವಲ್ಪ ಬೆಳ್ಳಗ ಆಗೇದ. ಮುಂದಿಂದು ಮಾತ್ರ ನನಕಿಂತ ಚೊಲೋ ಬಂದದ."

ಕೈಯಲ್ಲಿದ್ದ ಉಂಡಿಯನ್ನು ತಟ್ಟೆಗೆ ಹಾಕಿದೆ. ನೀರು ಕುಡಿದೆ. "ಸೇಠಗ ಯಾಕ ಹೇಳಲಿಲ್ಲ ನೀ?" ಎಂದು ಕೇಳಿದೆ.

"ಹೇಳಿದ್ರ ನಿಮ್ಮ ಕೆಲಸಾನೂ ಹೋಗ್ತದರಿ. ಮನ್ಯಾಗ ಹುಡುಗಿ ಅದಾಳ." ಅಷ್ಟು ಹೇಳಿ ಜೋಕಾಲಿ ತೂಗಲು ಹೋದಳು.

ನಾನು ಎಂಟು ವಾರ ಹೊಟ್ಟೆ ಉರಿದುಕೊಂಡೆ. ಆಕೆಗೆ ಒಂದು ದಿನವಾದರೂ ಉರಿಯಬಾರದೇ? ಉರಿದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಖೋಲಿ ಕಳೆದುಕೊಂಡೂ ಆಕೆ ನನಗಿಂತ ಎತ್ತರದಲ್ಲೇ ನಿಂತಿದ್ದಾಳೆ. ಇದಕ್ಕಿಂತ ನನ್ನ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 12, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶೂಟಿಂಗಿನವನ ಮೊದಲ ಎರಡು ಕಾರು ಬೆಳಿಗ್ಗೆ ಬಂದವು. ಅಂಧೇರಿ ಅಂಗಡಿಯ ಕೆಲಸ ಇನ್ನೂ ಸ್ವಲ್ಪ ಬಾಕಿ ಇದೆಯೆಂದು ಇಲ್ಲಿಗೇ ಕಳಿಸಿದ್ದ. ಸೇಠ್ ಕುರ್ಚಿ ಹಾಕಿಕೊಂಡು ಕೂತರು. "ಅಣವೀರಪ್ಪ, ನಿನ್ನ ಕಾಲಾ ತೇಲ್ ತಾ. ಅದೇ, ನನ್ನ ಗಾಡಿಗೆ ಹೊಡೆದದ್ದು. ಹದಿನಾಲ್ಕಕ್ಕೂ ಅದೇ ಸಾಕು."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಎರಡು ತಿಂಗಳು ಗೆಲ್ಲುವುದನ್ನಷ್ಟೇ ಯೋಚಿಸಿದೆ, ಗೆದ್ದದ್ದು ಯಾವುದು ಎಂದು ಯೋಚಿಸಲಿಲ್ಲ. ಕಾಲಾ ತೇಲ್ ಹೊಡೆದರೆ ಹತ್ತು ದಿನಕ್ಕೆ ಹದಿನಾಲ್ಕು ಕಾರಿನ ಬಾಗಿಲಿಗೂ ಕಂದು ಚುಕ್ಕೆ. ಹೊಡೆಯದಿದ್ದರೆ ಯಾಕೆಂದು ಹೇಳಬೇಕು.

ಡಬ್ಬಿ ತಂದೆ.

ಸೇಠ್ ಆಕೆಗೆ ಹೇಳಿದರು, "ಭುವನೇಶ್ವರಿ, ಇನ್ನು ಆ ಬಾಟಲಿ ತರಿಸುವುದು ಬೇಡ. ಇವನ ಹತ್ತಿರ ಕಲಿ. ಓದಿದ್ದು ಬೇರೆ, ಅನುಭವ ಬೇರೆ."

ಈಗ ಹೇಳುತ್ತಾಳೆ ಎಂದುಕೊಂಡೆ. ಯಾರಾದರೂ ಹೇಳುತ್ತಾರೆ. ತಾನು ಕಂಡುಹಿಡಿದದ್ದನ್ನು ಕದ್ದವನ ಹತ್ತಿರ ಕಲಿಯಬೇಕು ಅಂದರೆ ಯಾರ ಬಾಯಿ ಮುಚ್ಚಿರುತ್ತದೆ? ಆಕೆ ಒರೆಸುವ ಬಟ್ಟೆ ತೆಗೆದುಕೊಂಡು ಬಂದು ನನ್ನ ಡಬ್ಬಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಕಲಿಸ್ರಿ ಅಣ್ಣಾರ" ಅಂದಳು.

ಅದು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಮೈಯೆಲ್ಲ ಉರಿಯಿತು. ಖೋಲಿ ನನಗಿರಲಿ, ಆದರೆ ಇಷ್ಟು ದೊಡ್ಡತನವೂ ಆಕೆಗೇ ಇರಬೇಕೆ? ನಾನು ಸಾಯುವವರೆಗೆ ಆ ಕಿಟಕಿಯ ಹತ್ತಿರ ಕೂತು ಇದು ಭುವನೇಶ್ವರಿ ಬಿಟ್ಟುಕೊಟ್ಟದ್ದು ಎಂದು ನೆನೆಯಬೇಕೆ?

"ಏನ್ ಕಲಿಸಲಿ ಇಕೀಗೆ?" ಅಂದೆ. ದನಿ ಏರಿಬಿಟ್ಟಿತು. "ಸೇಠ್, ನಿಮ್ಮ ಗಾಡಿ ಎಡಗಡೀದೂ ಇಕೀ ಪಾಲಿಶೇ ಅದ. ನನ್ನ ತೇಲ್ ಹದಿನೈದು ದಿನಕ್ಕ ಹೋತು. ಇಕಿ ರಜಾ ಇದ್ದಾಗ ಕದ್ದು ತಿಕ್ಕಿ ಹಚ್ಚೀನಿ. ನೋಡಬೇಕಂದ್ರ ಹಿಂದಿನ ಗೂಡಿನ ಮ್ಯಾಲಿನ ಮೂಲ್ಯಾಗ ಬೆಳ್ಳಗ ಆಗೇದ, ನೋಡ್ರಿ."

ಸೇಠ್ ಕನ್ನಡಕ ತೆಗೆದು ಒರೆಸಿದರು. "ಎಷ್ಟು ವರ್ಷ ಆಯಿತು ನೀನು ನನ್ನಲ್ಲಿ?"

"ಹದಿನೇಳ್ರಿ."

"ಹದಿನೇಳು ವರ್ಷಕ್ಕೆ ಒಂದು ಸಲ. ಇನ್ನೊಂದು ಸಲ ಆದರೆ ನಾನು ಮನುಷ್ಯನಾಗಿರುವುದಿಲ್ಲ, ಗೊತ್ತಾಯಿತಾ?" ಆಮೇಲೆ ಆಕೆಯ ಕಡೆ ತಿರುಗಿ, "ಅಂಧೇರಿ ನಿನ್ನದು" ಅಂದರು. ಭುವನೇಶ್ವರಿ ನನ್ನ ಕಡೆ ನೋಡುತ್ತ ಅಳುತ್ತಿದ್ದಳು. ಅದಕ್ಕೂ ನನಗೆ ಸಿಟ್ಟು ಬಂತು.

ಆ ಎರಡು ಕಾರಿನ ಗೂಡು ಇಬ್ಬರೂ ಸೇರಿ ಮುಗಿಸಿದೆವು. ಬೋಲ್ಟಿನ ಸುತ್ತ ತಿಕ್ಕಿದವನು ನಾನು.

ಮನೆಗೆ ಬಂದು ಗುರುಬಾಯಿಗೆ ಹೇಳಿದೆ. ಅರ್ಧ ಪಾತ್ರೆ ಆಗಲೇ ಗೋಣಿಚೀಲಕ್ಕೆ ತುಂಬಿದ್ದಳು. ಕೇಳಿ ಹಾಗೇ ನಿಂತಳು. "ಮತ್ತ ಯಾಕ ಹೇಳಿದ್ರಿ?"

"ಆಕಿ ಸುಮ್ಮ ಕುಂತಿದ್ಲು. ನನಗ ನೋಡಾಕ ಆಗಲಿಲ್ಲ."

ನನ್ನ ಮುಖವನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು. ಚೀಲದಿಂದ ಪಾತ್ರೆ ಒಂದೊಂದಾಗಿ ತೆಗೆದು ಜೋಡಿಸಿದಳು. "ಕೈಕಾಲು ತೊಳಕೊಳ್ರಿ, ರೊಟ್ಟಿ ಆರತಾವ" ಅಂದಳು. ಬೈದಿದ್ದರೆ ಬದುಕುತ್ತಿದ್ದೆ.

ಶ್ರಾವ್ಯಾ ಮಾತ್ರ "ಕೋಯೀ ಬಾತ್ ನಹೀಂ ಪಪ್ಪಾ, ಇರ್ಲಿ ಬಿಡ್ರಿ" ಅಂದು ಪುಸ್ತಕಕ್ಕೆ ತಲೆ ಹಾಕಿದಳು. ಪುಟ ತಿರುಗಿಸಿದ್ದು ಕಾಣಲಿಲ್ಲ.

ಆಗಸ್ಟ್ 15, ಗುರುವಾರ

ಧ್ವಜ ಏರಿಸುವುದು ಮುಗಿಯುತ್ತಲೇ ಶ್ರಾವ್ಯಾ ಶಾಲೆಯಿಂದ ಬಂದಳು. ಮೂವರೂ ಅಂಧೇರಿಗೆ ಹೋದೆವು. ಭುವನೇಶ್ವರಿಯ ಸಾಮಾನು ಏರಿಸಲು ಜನವಿಲ್ಲ, ಮೈದುನ ಮುಖ ತಿರುಗಿಸಿದ್ದಾನೆ ಎಂದು ಗುರುಬಾಯಿ ನನ್ನನ್ನು ಎಬ್ಬಿಸಿದ್ದಳು. ಬರುವುದಿಲ್ಲ ಅಂದೆ. ಅಂದೆ, ಅಷ್ಟೆ.

ಟ್ರಂಕು, ಗ್ಯಾಸಿನ ಸಿಲಿಂಡರು, ಹಾಸಿಗೆ ಸುರುಳಿ, ಗಂಡನ ಫೋಟೋ. ಮೆಟ್ಟಿಲು ಕಿರಿದು. ಟ್ರಂಕನ್ನು ನಾನೇ ಹೊತ್ತೆ. ಖೋಲಿಯೊಳಗೆ ಇಳಿಸಿದಾಗ ಕಣ್ಣು ತಾನಾಗಿ ಅಳತೆ ಹಾಕಿತು: ಇಲ್ಲಿ ನಮ್ಮ ಒಲೆ, ಇಲ್ಲಿ ಗೋದ್ರೇಜ್ ಕಪಾಟು, ಇಲ್ಲಿ ಶ್ರಾವ್ಯಾಳ ಟೇಬಲ್ಲು. ನಳ ತಿರುಗಿಸಿದೆ. ನೀರು ಬಂತು. ಬಂದ್ ಮಾಡಿದೆ. ಹೊಟ್ಟೆಕಿಚ್ಚು ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ನಳದ ಮೇಲೂ ಕಿಚ್ಚಾಯಿತು.

ಭುವನೇಶ್ವರಿಯ ಅತ್ತೆ ಗೋಡೆ ಹಿಡಿದುಕೊಂಡು ಬಂದು ನನ್ನ ತಲೆಯ ಮೇಲೆ ಕೈ ಇಟ್ಟಳು. "ನೀ ಖರೇ ಮಾತ ಆಡಿದ್ದಕ್ಕ ನಮಗ ನೆಳ್ಳ ಆತು ತಮ್ಮಾ. ದೇವರಂಥಾಂವ ನೀ."

ದೇವರಂತೆ. ಹೊಟ್ಟೆಕಿಚ್ಚಿಗೆ ಬಾಯಿ ತೆಗೆದೆ ಎಂದು ಆ ಮುದುಕಿಗೆ ಹೇಗೆ ಹೇಳಲಿ? ತಲೆ ತಗ್ಗಿಸಿ ನಿಂತೆ. ಒಣ ಕೈ, ಬಹಳ ಹೊತ್ತು ತೆಗೆಯಲಿಲ್ಲ.

ಚಹಾ ಆಯಿತು. ಹೊರಡುವ ಹೊತ್ತಿಗೆ ನೋಡಿದರೆ ಶ್ರಾವ್ಯಾ ಕಿಟಕಿಯ ಕೆಳಗೆ ಬರಿ ನೆಲದ ಮೇಲೆ ಕೂತಿದ್ದಳು. ಶಾಲೆಯ ಚೀಲದಿಂದ ವಿಜ್ಞಾನದ ಪುಸ್ತಕ ತೆಗೆದಿದ್ದಳು.

"ಏಳವ್ವ, ಹೋಗೂಣು" ಎಂದಳು ಗುರುಬಾಯಿ.

"ಮಮ್ಮೀ, ದೋ ಪೇಜ್. ಎರಡೇ ಪೇಜ್."

ಭುವನೇಶ್ವರಿ ಪಾತ್ರೆ ಜೋಡಿಸುವುದನ್ನು ನಿಲ್ಲಿಸಿದಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಎರಡು ಪುಟ ಓದಲು ಮಗಳು ಮುಕ್ಕಾಲು ಗಂಟೆ ತೆಗೆದುಕೊಂಡಳು. ನಾನು ಏಳು ಅನ್ನಲಿಲ್ಲ.